ಹೊಟ್ಟೆನೋವಿನ ಬೆನ್ನಿಗೆ ಬರುವ ಸಕ್ಕರೆ ಕಾಯಿಲೆ

ಸಕ್ಕರೆ ಕಾಯಿಲೆ ಎಂದೊಡನೆ ನಮಗೆ ನೆನಪಾಗುವುದು ನಡುವಯಸ್ಸು ದಾಟಿದ, ಹೊಟ್ಟೆ ಬೆಳೆದ, ಕುಳಿತಲ್ಲೇ ಕೆಲಸ ಮಾಡುವ ಮನುಷ್ಯ. ಆ ಚಿತ್ರ ಸುಳ್ಳಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂಬ ಅಂದಾಜು ಹೊರಬಿತ್ತು. ಅವರಲ್ಲಿ ಬಹುಪಾಲು ಇದೇ ಚಿತ್ರಕ್ಕೆ ಹೊಂದುವವರು. ಆದರೆ ಇದಕ್ಕೆ ಹೊಂದದ ರೋಗಿಯೊಬ್ಬ ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿ ದಶಕಗಳಿಂದ ಕಾಣಿಸಿಕೊಳ್ಳುತ್ತಲೇ ಇದ್ದಾನೆ. ವಯಸ್ಸು ಇಪ್ಪತ್ತೋ ಮೂವತ್ತೋ, ಮೈ ತೆಳ್ಳಗೆ. ಮದ್ಯ ಮುಟ್ಟದವನೂ ಆಗಿರಬಹುದು. ಹುಡುಗನಾಗಿದ್ದಾಗಿನಿಂದಲೂ ಆಗಾಗ ಹೊಟ್ಟೆ ಹಿಂಡುವ ನೋವು, ಅದು ಬೆನ್ನಿಗೂ ಹರಿಯುತ್ತದೆ, ಮಲದಲ್ಲಿ ಜಿಡ್ಡು. ಎಕ್ಸ್‌ರೇ ತೆಗೆದರೆ ಮೇದೋಜೀರಕ ಗ್ರಂಥಿಯಲ್ಲಿ ಬಿಳಿಯ ಕಲ್ಲುಗಳು. ಕೆಲವು ವರ್ಷಗಳ ನಂತರ ರಕ್ತದಲ್ಲಿ ಸಕ್ಕರೆ. ಈ ರೋಗಿಯನ್ನು ಅರ್ಥಮಾಡಿಕೊಳ್ಳಲು ಗಂಭೀರವಾಗಿ ದುಡಿದಿರುವ ಕೇಂದ್ರಗಳಲ್ಲೊಂದು ಹೈದರಾಬಾದಿನ ಗಚ್ಚಿಬೌಲಿಯಲ್ಲಿದೆ. ಅದು ಹಾರ್ಮೋನು ತಜ್ಞರು ಕಟ್ಟಿದ ಸಂಸ್ಥೆಯಲ್ಲ, ಉದರರೋಗದ ಆಸ್ಪತ್ರೆ. ಅದರ ಮಹತ್ವ ಇರುವುದೂ ಇಲ್ಲಿಯೇ ಎಂಬುದು ನನ್ನ ವಾದ.

ಡಾ. ಡಿ. ನಾಗೇಶ್ವರ ರೆಡ್ಡಿ ಹೈದರಾಬಾದಿನ ಸೋಮಾಜಿಗುಡದಲ್ಲಿ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯನ್ನು ಬೆಳೆಸಿದವರು. ಎಂಡೋಸ್ಕೋಪಿಯಲ್ಲಿ ಜಗತ್ತು ಗುರುತಿಸಿದ ಹೆಸರು, 2025ರಲ್ಲಿ ಪದ್ಮವಿಭೂಷಣ ಪಡೆದವರು. ಆ ಸಂಸ್ಥೆ ಗಚ್ಚಿಬೌಲಿಗೆ ಚಾಚಿಕೊಂಡು ಎಐಜಿ ಆಸ್ಪತ್ರೆಯಾಗಿ ನಿಂತಿದೆ. ಎಐಜಿಯ ಸಂಶೋಧನಾ ಅಂಗದ ಹೆಸರು ಏಷ್ಯನ್ ಹೆಲ್ತ್‌ಕೇರ್ ಫೌಂಡೇಶನ್. ಇಲ್ಲಿಗೆ ರೋಗಿಗಳು ಬರುವುದು ನೋವು ತಾಳಲಾರದೆ. ಹೊರಗಿನಿಂದ ಆಘಾತ ತರಂಗ ಹಾಯಿಸಿ ಗ್ರಂಥಿಯ ಕಲ್ಲನ್ನು ಪುಡಿಮಾಡಿ, ಎಂಡೋಸ್ಕೋಪಿಯಿಂದ ನಾಳವನ್ನು ತೆರವು ಮಾಡುವ ಚಿಕಿತ್ಸೆಯನ್ನು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ನೀಡಿದ ಅನುಭವವನ್ನು ಈ ತಂಡ 2010ರಲ್ಲೇ ಪ್ರಕಟಿಸಿತ್ತು. ನೋವು ನೀಗಿಸಲು ಶಸ್ತ್ರಚಿಕಿತ್ಸೆಯೇ ಬೇಕಾದಾಗ ಹೊರಬರುವ ಅಂಗಾಂಶದ ಚೂರು ಪ್ರಯೋಗಾಲಯಕ್ಕೆ ಹೋಗುತ್ತದೆ. ಸಾಮಾನ್ಯ ಮಧುಮೇಹದ ಸಂಶೋಧಕರಿಗೆ ಇಂಥ ಅವಕಾಶವಿಲ್ಲ. ಅವರು ರೋಗಿಯ ರಕ್ತವನ್ನು ಅಳೆಯಬಲ್ಲರು. ಬದುಕಿರುವವನ ಮೇದೋಜೀರಕವನ್ನು ಕೈಗೆತ್ತಿಕೊಂಡು ನೋಡುವ ಸಂದರ್ಭ ಅವರಿಗೆ ಒದಗುವುದೇ ಅಪರೂಪ.

ಮೇದೋಜೀರಕಕ್ಕೆ ಎರಡು ಕಸುಬು. ಅದರ ಬಹುಭಾಗ ಆಹಾರವನ್ನು ಕರಗಿಸುವ ಕಿಣ್ವಗಳನ್ನು ಕರುಳಿಗೆ ಸುರಿಸುತ್ತದೆ. ತೂಕದಲ್ಲಿ ನೂರಕ್ಕೆ ಒಂದೆರಡು ಪಾಲಿನಷ್ಟೇ ಇರುವ ಲ್ಯಾಂಗರ್‌ಹಾನ್ಸ್ ದ್ವೀಪಗಳು ಇನ್ಸುಲಿನ್, ಗ್ಲುಕಗಾನ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ತೆಗೆದಾಗ ಅದಕ್ಕೆ ಮಧುಮೇಹ ಬಂತು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕೈಗೆ ಸಿಕ್ಕಿತು. ಆಮೇಲೆ ವೈದ್ಯಶಾಸ್ತ್ರ ಈ ಒಂದೇ ಗ್ರಂಥಿಯನ್ನು ಇಬ್ಬರಿಗೆ ಹಂಚಿಬಿಟ್ಟಿತು: ಕಿಣ್ವ ಉದರತಜ್ಞರಿಗೆ, ಹಾರ್ಮೋನು ಮಧುಮೇಹತಜ್ಞರಿಗೆ. ನಮ್ಮ ತೆಳ್ಳನೆಯ ರೋಗಿ ಈ ಇಬ್ಬರ ನಡುವಿನ ಬಿರುಕಿಗೆ ಬಿದ್ದವನು. ಉರಿಯೂತದಿಂದ ಗ್ರಂಥಿ ನಾರುಗಟ್ಟಿ, ದ್ವೀಪಗಳು ಅದರಲ್ಲಿ ಹೂತುಹೋಗಿ ಸಾಯುತ್ತವೆ, ಆದ್ದರಿಂದ ಸಕ್ಕರೆ ಏರುತ್ತದೆ ಎಂಬ ಸರಳ ವಿವರಣೆಯೊಂದು ಬಹುಕಾಲ ಚಾಲ್ತಿಯಲ್ಲಿತ್ತು. 2012ರಲ್ಲಿ ಹೈದರಾಬಾದಿನ ಈ ತಂಡ ಪ್ರಕಟಿಸಿದ ಅಧ್ಯಯನಗಳು ಅದಷ್ಟೇ ಸಾಲದು ಎಂದು ತೋರಿಸಿದವು. ದ್ವೀಪಗಳಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸಾಯುವುದಕ್ಕೆ ಬಹಳ ಮೊದಲೇ ಕೆಲಸ ತಪ್ಪುತ್ತವೆ. ಉರಿಯೂತದ ಕೋಶಗಳು ಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ವಸ್ತು ಹೆಚ್ಚಿದಲ್ಲಿ, ಇನ್ಸುಲಿನ್ ತಯಾರಿಗೆ ಅಪ್ಪಣೆ ಕೊಡಬೇಕಾದ ಪಿಡಿಎಕ್ಸ್-1 ಎಂಬ ಪ್ರೋಟೀನು ಕೋಶಕೇಂದ್ರದೊಳಗೆ ಇರುವ ಬದಲು ಹೊರಗೇ ಉಳಿದಿತ್ತು. ಇದು ಚಿಕಿತ್ಸೆಗೂ ಸಂಬಂಧಿಸಿದ ಮಾತು. ಸತ್ತ ಕೋಶವನ್ನು ಎಬ್ಬಿಸಲಾಗದು. ಕೆಲಸ ನಿಲ್ಲಿಸಿದ ಕೋಶವನ್ನು ಮತ್ತೆ ಕೆಲಸಕ್ಕೆ ಹಚ್ಚುವ ದಾರಿಯನ್ನಾದರೂ ಹುಡುಕಬಹುದು.

ಇದೇ ತಂಡ 2017ರಲ್ಲಿ ಕರುಳಿನ ಸೂಕ್ಷ್ಮಜೀವಿಗಳ ಕುರಿತು ಇನ್ನೊಂದು ಅಧ್ಯಯನ ಪ್ರಕಟಿಸಿತು. ಕರುಳಿನ ಒಳಪದರವನ್ನು ಕಾಪಾಡುವ ಕೆಲವು ಬ್ಯಾಕ್ಟೀರಿಯಾಗಳು ಈ ರೋಗಿಗಳಲ್ಲಿ, ಅದರಲ್ಲೂ ಮಧುಮೇಹ ಸೇರಿಕೊಂಡವರಲ್ಲಿ, ಕಡಿಮೆಯಾಗಿದ್ದವು. ಅದು ಸಣ್ಣ ಅಧ್ಯಯನ. ಕಿಣ್ವ ಸಾಲದೆ ಅರೆಜೀರ್ಣವಾದ ಆಹಾರವೇ ಈ ಬದಲಾವಣೆಗೆ ಕಾರಣವಿರಬಹುದಾದ್ದರಿಂದ ಅದನ್ನು ಸುಳಿವೆಂದು ಎಣಿಸುವುದೇ ನ್ಯಾಯ.

ರೋಗದ ಮೂಲದ ಪ್ರಶ್ನೆಯಲ್ಲೂ ಹೈದರಾಬಾದಿನ ಪಾಲು ದೊಡ್ಡದು. 1959ರಲ್ಲಿ ಝೂಡೆಮಾ ಇಂಡೊನೇಷ್ಯಾದಲ್ಲಿ ಈ ಕಾಯಿಲೆಯನ್ನು ವರ್ಣಿಸಿದರು. ಕೇರಳದಲ್ಲಿ ಗೀವರ್ಗೀಸ್ ದೊಡ್ಡ ಸಂಖ್ಯೆಯ ರೋಗಿಗಳನ್ನು ದಾಖಲಿಸಿದರು. ಬಡತನ, ಅಪೌಷ್ಟಿಕತೆ, ಮರಗೆಣಸಿನಲ್ಲಿರುವ ಸೈನೈಡ್ ಅಂಶ ಇವುಗಳ ಮೇಲೆ ಗುಮಾನಿ ಬಿತ್ತು. ಆದರೆ ಮರಗೆಣಸು ತಿನ್ನದ ಸೀಮೆಗಳಲ್ಲೂ, ಉಂಡುಟ್ಟು ಸುಖವಾಗಿದ್ದ ಮನೆಗಳಲ್ಲೂ ರೋಗವಿತ್ತು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಡಾ. ಗಿರಿರಾಜ್ ಚಾಂಡಕ್ ಮತ್ತು ನಾಗೇಶ್ವರ ರೆಡ್ಡಿಯವರ ತಂಡ 2002ರಲ್ಲಿ ವಂಶವಾಹಿಗಳನ್ನು ಹುಡುಕಿತು. ಪಾಶ್ಚಾತ್ಯ ಕುಟುಂಬಗಳಲ್ಲಿ ದೋಷಿಯೆನಿಸಿದ್ದ ಟ್ರಿಪ್ಸಿನೋಜನ್ ವಂಶವಾಹಿಗೆ ಇಲ್ಲಿ ಅಂಥ ಪಾತ್ರ ಕಾಣಲಿಲ್ಲ. ಬದಲಿಗೆ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳದಂತೆ ತಡೆಯುವ ಸ್ಪಿಂಕ್-1 ವಂಶವಾಹಿಯ ದೋಷ ಅನೇಕರಲ್ಲಿ ಸಿಕ್ಕಿತು. ಬೇರೆ ದೇಶದ ರೋಗಿಗಳಿಂದ ಕಲಿತ ಕಾರಣವನ್ನು ಇಲ್ಲಿಯವರಿಗೆ ಹಾಗೆಯೇ ಅಂಟಿಸಲಾಗದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ದೊಡ್ಡಾಸ್ಪತ್ರೆಗೆ ಬರುವವರು ರೋಗ ಬಲಿತವರು, ದೂರ ಪ್ರಯಾಣ ಮಾಡಬಲ್ಲವರು. ಅವರನ್ನು ನೋಡಿ ಊರಿನ ಆರೋಗ್ಯದ ಬಗ್ಗೆ ತೀರ್ಮಾನ ಹೇಳಲಾಗದು. ನಿಜ. ಜನರನ್ನು ಹುಟ್ಟಿನಿಂದ ಹಿಂಬಾಲಿಸುವ ಅಧ್ಯಯನಗಳು ಬೇಕು, ಮತ್ತು ಅದರ ಉತ್ತಮ ಮಾದರಿ ಕರ್ನಾಟಕದಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟಿತ್ತು. ಆ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, 1998ರ ವರದಿಯಲ್ಲಿ ಯುರೋಪಿನ ಸೂತ್ರ ಅರ್ಧಕ್ಕೇ ನಿಂತಿತು. ಅಲ್ಲಿ ಮಧುಮೇಹದ ಅಪಾಯ ಕಡಿಮೆ ತೂಕದ ಶಿಶುಗಳಿಗೆ. ಇಲ್ಲಿ ಕುಳ್ಳಗೆ, ಉದ್ದಕ್ಕೆ ಮೀರಿ ಮೈತುಂಬಿಕೊಂಡು ಹುಟ್ಟಿದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ. 1997-98ರಲ್ಲಿ ಮೈಸೂರಿನ ಅದೇ ಆಸ್ಪತ್ರೆಯಲ್ಲಿ ಶುರುವಾದ ಗರ್ಭಿಣಿಯರ ಅಧ್ಯಯನದಲ್ಲಿ ಶೇಕಡಾ 43 ತಾಯಂದಿರಿಗೆ ಬಿ12 ಜೀವಸತ್ವದ ಕೊರತೆ ಕಂಡಿತು. ಕೊರತೆಯಿದ್ದವರಲ್ಲಿ ಗರ್ಭಾವಧಿಯ ಮಧುಮೇಹವೂ ಹೆಚ್ಚಿತ್ತು. ಮೈಸೂರಿನ ಕಡತ ಯಾರಿಗೆ, ಯಾವಾಗ ಎಂದು ಹೇಳುತ್ತದೆ. ಗಚ್ಚಿಬೌಲಿಯ ಅಂಗಾಂಶ ಹೇಗೆ ಎಂದು ಹೇಳುತ್ತದೆ. ಒಂದು ಇನ್ನೊಂದರ ಜಾಗ ತುಂಬಲಾರದು.

ಇನ್ನೊಂದು ಮಾತು ಪದೇ ಪದೇ ಕೇಳಿಬರುತ್ತದೆ: ಊಟ, ನಡಿಗೆ ಸರಿಮಾಡಿಕೊಂಡರೆ ಸಾಕು, ಕೋಶ ವಂಶವಾಹಿಗಳ ಗೊಡವೆ ಏಕೆ? ಬೊಜ್ಜಿನಿಂದ ಬಂದ ಮಧುಮೇಹಕ್ಕೆ ಆ ಸಲಹೆ ಸರಿಯೇ. ಜಿಡ್ಡನ್ನೇ ಅರಗಿಸಲಾಗದೆ ಸೊರಗುತ್ತಿರುವವನಿಗೆ ಊಟ ಕಡಿಮೆ ಮಾಡು ಎನ್ನುವುದು ಅನ್ಯಾಯ. ಅವನಿಗೆ ಬೇಕಾದದ್ದು ಊಟದ ಜೊತೆ ಕಿಣ್ವದ ಕ್ಯಾಪ್ಸೂಲು. ಬಹಳಷ್ಟು ಮಂದಿಗೆ ಇನ್ಸುಲಿನ್ ಕೂಡ ಬೇಕು. ಇನ್ಸುಲಿನ್‌ನ ಜೊತೆಗೆ ಸಕ್ಕರೆ ಏರಿಸುವ ಗ್ಲುಕಗಾನ್ ಕೂಡ ನಷ್ಟವಾಗಿರುವುದರಿಂದ ಸಕ್ಕರೆ ದಿಢೀರನೆ ಇಳಿಯುವ ಅಪಾಯವೂ ಅವನಿಗೆ ಹೆಚ್ಚು. ಮಧುಮೇಹದ ಒಂದೊಂದು ಬಗೆಗೂ ಬೇರೆ ಹೆಸರಿಡುವುದರಲ್ಲಿ ಏನಿದೆ ಎನ್ನುವವರು ಇತಿಹಾಸವನ್ನೂ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಅಪೌಷ್ಟಿಕತೆಯ ಮಧುಮೇಹವನ್ನು ಪ್ರತ್ಯೇಕ ಬಗೆಯೆಂದು ಒಪ್ಪಿ, 1999ರಲ್ಲಿ ಕೈಬಿಟ್ಟಿತು. ಕಲ್ಲಿಲ್ಲದ, ಬರೀ ತೆಳ್ಳಗಿನ ರೋಗಿಗಳಲ್ಲಿ ಇನ್ಸುಲಿನ್ ಸ್ರಾವವೇ ಕುಂದಿದೆ ಎಂದು ವೆಲ್ಲೂರಿನ ಸಿಎಂಸಿಯ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಡನೆ 2022ರಲ್ಲಿ ಅಳೆದು ತೋರಿಸಿದ ಮೇಲೆ, 2025ರಲ್ಲಿ ಬ್ಯಾಂಕಾಕಿನಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅದನ್ನು ಐದನೇ ಬಗೆಯೆಂದು ಒಪ್ಪಿತು.

ಗಚ್ಚಿಬೌಲಿಯ ಆಸ್ಪತ್ರೆ ಖಾಸಗಿಯದು, ಅದರ ಬಿಲ್ಲು ಎಲ್ಲರ ಕೈಗೆಟುಕುವುದಿಲ್ಲ ಎಂಬ ದೂರನ್ನು ನಾನು ತಳ್ಳಿಹಾಕಲಾರೆ. ಅಲ್ಲಿ ಕಂಡುಕೊಂಡ ತಿಳಿವಳಿಕೆಗೆ ಮಾತ್ರ ಬಿಲ್ಲಿಲ್ಲ, ಅದು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೂ ತಲುಪಬೇಕು. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಗಳಿಂದ ಚಿಕಿತ್ಸೆಗೆ ಹೈದರಾಬಾದಿನ ಬಸ್ಸು ಹತ್ತುವವರು ಕಡಿಮೆಯಲ್ಲ. ಆ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳು ಇಂಥ ರೋಗಿಗಳನ್ನು ದಾಖಲಿಸಲು ಶುರುಮಾಡಬೇಕು. ಓದುಗರಲ್ಲೂ ಒಂದು ವಿನಂತಿ. ನಿಮ್ಮ ಮನೆಯಲ್ಲಿ ತೆಳ್ಳನೆಯ ಮೈಯವರಿಗೆ ಸಣ್ಣ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದಿದ್ದರೆ, ಹಿಂದೆಂದೋ ಕಾಡಿದ ಹೊಟ್ಟೆನೋವಿನ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ, ಮೇದೋಜೀರಕದ ಸ್ಕ್ಯಾನ್ ಬೇಕೇ ಎಂದು ಕೇಳಿ.