ಮಾತೃಭಾಷೆಯ ನಾದ

ಪಳನಿಯ ಸೀಮೆಯಲ್ಲಿಯೂ ಕಂಬಂ ಕಣಿವೆಯಲ್ಲಿಯೂ ಮನೆಯೊಳಗೆ ಕನ್ನಡವನ್ನೂ ಪೇಟೆಯಲ್ಲಿ ತಮಿಳನ್ನೂ ಆಡುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. “ನಿಮ್ಮ ಭಾಷೆ ಯಾವುದು?” ಎಂಬ ಪ್ರಶ್ನೆಯು ನಮ್ಮ ಮಕ್ಕಳಿಗೆ ಹೊಸತಲ್ಲ. ಇಂಥದೇ ಒಂದು ಪ್ರಶ್ನೆಯಿಂದ ದೂರದ ಅಮೆರಿಕದಲ್ಲಿ ಒಂದು ಸಂಗೀತ ಸಂಪುಟವು ಹುಟ್ಟಿದ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಜಾಝ್ ಎಂಬುದು ಅಮೆರಿಕದಲ್ಲಿ ಆಫ್ರಿಕ ಮೂಲದ ಜನರು ಬೆಳೆಸಿದ ಸಂಗೀತ. ನಮ್ಮ ಸಂಗೀತದ ಮನೋಧರ್ಮದಂತೆ, ಅದರಲ್ಲಿಯೂ ವಾದಕನು ಆ ಕ್ಷಣದಲ್ಲಿ ಕಲ್ಪಿಸಿ ನುಡಿಸುವುದಕ್ಕೆ ಹಿರಿಯ ಸ್ಥಾನವುಂಟು. ರುದ್ರೇಶ್ ಮಹಂತಪ್ಪನವರು ಈ ಪದ್ಧತಿಯ ಸ್ಯಾಕ್ಸೊಫೋನ್ ವಾದಕರು. ಕನ್ನಡ ಕುಟುಂಬದವರಾದ ಇವರು 1971ರಲ್ಲಿ ಇಟಲಿಯಲ್ಲಿ ಜನಿಸಿ, ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬೆಳೆದರು. ಅಲ್ಲಿ ನಮ್ಮವರನ್ನು ಕಂಡವರು “ನೀವು ಇಂಡಿಯನ್ ಭಾಷೆಯನ್ನು ಆಡುವಿರಾ?” ಎಂದು ಕೇಳುವುದುಂಟು. ಅಂಥ ಒಂದು ಭಾಷೆಯೇ ಇಲ್ಲವೆಂಬುದನ್ನು ನಮ್ಮ ಶಾಲೆಯ ಎಳೆಯ ಮಗುವೂ ಬಲ್ಲದು.

ಮಹಂತಪ್ಪನವರು ಈ ಪ್ರಶ್ನೆಗೆ ಅಮೆರಿಕದ ಭಾರತೀಯರು ತಂತಮ್ಮ ಭಾಷೆಗಳಲ್ಲಿ ಕೊಟ್ಟ ಉತ್ತರಗಳನ್ನು ಧ್ವನಿಮುದ್ರಿಸಿಕೊಂಡರು. ಮಾತನಾಡುವಾಗ ನಮ್ಮ ಧ್ವನಿಯು ಏರುತ್ತದೆ, ಇಳಿಯುತ್ತದೆ. ಒಂದು ಅಕ್ಷರವು ದೀರ್ಘವಾಗಿ, ಇನ್ನೊಂದು ಹ್ರಸ್ವವಾಗಿ ಬರುತ್ತದೆ. ಆ ಏರಿಳಿತವನ್ನು ಸ್ವರಗಳಾಗಿ ಬರೆದುಕೊಂಡು, ಅದರ ಆಧಾರದ ಮೇಲೆ ಅವರು ಕೃತಿಗಳನ್ನು ರಚಿಸಿದರು. ಹೀಗೆ ಸಿದ್ಧವಾದ “ಮದರ್ ಟಂಗ್”, ಎಂದರೆ ಮಾತೃಭಾಷೆ, ಎಂಬ ಸಂಪುಟವು 2004ರಲ್ಲಿ ಹೊರಬಂದಿತು. ಕನ್ನಡ, ತಮಿಳು, ತೆಲುಗು, ಮಲಯಾಳ, ಕೊಂಕಣಿ, ಗುಜರಾತಿ ಎಂಬ ಹೆಸರುಗಳನ್ನೇ ಹೊತ್ತ ಕೃತಿಗಳು ಅದರಲ್ಲಿವೆ.

ನುಡಿಸಿದವರು ನಾಲ್ವರು. ಮಹಂತಪ್ಪನವರೊಡನೆ ಪಿಯಾನೊ ನುಡಿಸಿದ ವಿಜಯ್ ಅಯ್ಯರ್ ತಮಿಳು ಕುಟುಂಬದವರು. ಬಾಸ್ ವಾದ್ಯವನ್ನು ಫ್ರಾನ್ಸಿನ ಫ್ರಾಂಸ್ವಾ ಮೂತಾಂ, ಡ್ರಮ್ ವಾದ್ಯವನ್ನು ಎಲಿಯಟ್ ಹಂಬರ್ಟೊ ಕಾವೀ ನುಡಿಸಿದರು. ಕನ್ನಡ ಮನೆತನವೂ ತಮಿಳು ಮನೆತನವೂ ಅಲ್ಲಿ ಒಂದೇ ಮೇಳದಲ್ಲಿ ಕೂಡಿದವು; ಒಂದು ಭಾಷೆಯ ಆದರವು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ. ಮುಂದೆ 2008ರಲ್ಲಿ ಮಹಂತಪ್ಪನವರು, ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮಂಗಳೂರು ಸೀಮೆಯ ಕದ್ರಿ ಗೋಪಾಲನಾಥರೊಡನೆ “ಕಿನ್ಸ್‌ಮೆನ್”, ಎಂದರೆ ಬಂಧುಗಳು, ಎಂಬ ಸಂಪುಟವನ್ನು ಹೊರತಂದರು.

ಇದರಿಂದ ನಾವು ತಿಳಿಯಬೇಕಾದುದೇನು? ನಮ್ಮ ಮನೆಗಳ ಕನ್ನಡವು ಪುಸ್ತಕದ ಕನ್ನಡದಂತಿಲ್ಲವೆಂದು ಕೆಲವು ಮಕ್ಕಳು ನಾಚುತ್ತಾರೆ. ನಾಚಬೇಕಾಗಿಲ್ಲ. ಅಕ್ಷರವನ್ನೂ ವ್ಯಾಕರಣವನ್ನೂ ಶಾಲೆಯು ಕಲಿಸಬಲ್ಲದು. ನುಡಿಯ ನಾದವಾದರೋ ತಾಯಿಯ, ಅಜ್ಜಿಯ ಬಾಯಿಂದಲೇ ಬರಬೇಕು. ಮನೆಯಲ್ಲಿ ಆ ಮಾತು ನಿಂತರೆ ಅದನ್ನು ಯಾವ ಪುಸ್ತಕವೂ ಮರಳಿ ಕೊಡಲಾರದು. ಆದುದರಿಂದ ಪೋಷಕರು ಮಕ್ಕಳೊಡನೆ ತಮ್ಮ ನುಡಿಯಲ್ಲಿಯೇ ನಿಸ್ಸಂಕೋಚವಾಗಿ ಮಾತನಾಡಲಿ. ಮಕ್ಕಳು ಅದನ್ನು ಕಿವಿಗೊಟ್ಟು ಕೇಳಲಿ.