ಜಾವಾ ಕಲೀಬೇಕಾ? ಲಾರಿ, ಲೆಡ್ಜರ್ ಮತ್ತು ‘ಬಸವಕಲ್’

ಮಂಠಾಳದಿಂದ ಮಾತಾಡ್ತಾ ಇದ್ದೀನಿ. ಹುಮನಾಬಾದಿನ ಕೇಳುಗನೊಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದಾನೆ: “ಅಣ್ಣಾ, ಬಿಕಾಂ ಮುಗೀತು. ಹೈದರಾಬಾದಿಗೆ ಹೋಗಿ ಜಾವಾ ಕೋರ್ಸ್ ಮಾಡ್ಲಾ? ಫೀಸಿಗೆ ಮನ್ಯಾಗ ಸಾಲ ತೆಗೀತೀವಿ ಅಂತಾರ.” ಸಾಲದ ಮಾತು ಬಂತಲ್ಲ, ಅದಕ್ಕೇ ಇವತ್ತಿನ ಎಪಿಸೋಡ್ ಪೂರ್ತಿ ಇದರ ಮೇಲೆ. ನಾನೂ ಬಿಕಾಂನವನೇ, ಕೋಡ್ ಕಲಿತದ್ದು ಆಮೇಲೆ.

ಜಾವಾ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಿಂದ ಹೊರಬಂತು. ಅದನ್ನು ರೂಪಿಸಿದ ತಂಡದ ಮುಂದಾಳು ಜೇಮ್ಸ್ ಗೋಸ್ಲಿಂಗ್. ಇದು ‘ಆಬ್ಜೆಕ್ಟ್ ಓರಿಯೆಂಟೆಡ್’ ಭಾಷೆ. ಹಂಗಂದ್ರೇನು? ಬಸವಕಲ್ಯಾಣದಲ್ಲಿ ಲಾರಿ ಬಾಡಿ ಕಟ್ಟೋದು ನೋಡಿರ್ತೀರಿ. ಅಳತೆಯ ನಕ್ಷೆ ಒಂದೇ, ಅದರ ಮೇಲೆ ಎಷ್ಟು ಲಾರಿ ಬೇಕಾದ್ರೂ ಕಟ್ಟಬಹುದು. ನಕ್ಷೆ ಅಂದ್ರೆ ಕ್ಲಾಸ್, ಒಂದೊಂದು ಲಾರಿ ಒಂದೊಂದು ಆಬ್ಜೆಕ್ಟ್.

ನಮ್ಮ ಕಾಮರ್ಸ್‌ನವರಿಗೆ ಲೆಡ್ಜರ್ ಇನ್ನೂ ಹತ್ತಿರ. ‘ಖಾತೆ’ ಅಂತ ಒಂದು ಕ್ಲಾಸ್ ಬರೆದು, ಅದರೊಳಗಿನ ಬಾಕಿಯನ್ನ ‘ಪ್ರೈವೇಟ್’ ಅಂತ ಇಟ್ಟರೆ, ಹೊರಗಿನವರು ಯಾರೂ ನೇರವಾಗಿ ಆ ಅಂಕಿಗೆ ಕೈ ಹಾಕುವಂತಿಲ್ಲ. ಜಮಾ, ಖರ್ಚು ಅನ್ನೋ ಎರಡು ಬಾಗಿಲುಗಳ ಮೂಲಕವೇ ಹೋಗಬೇಕು. ಬಾಕಿಗಿಂತ ಹೆಚ್ಚು ಕೇಳಿದರೆ ಬಾಗಿಲಲ್ಲೇ ‘ಇಲ್ಲ’ ಅನ್ನಿಸಬಹುದು. ನೂರು ಜನ ಸೇರಿ ವರ್ಷಗಟ್ಟಲೆ ತಿದ್ದುವ ದೊಡ್ಡ ಸಾಫ್ಟ್‌ವೇರ್‌ಗೆ ಈ ಶಿಸ್ತೇ ಜೀವ. ಬ್ಯಾಂಕುಗಳು ಜಾವಾನ ಇನ್ನೂ ಬಿಟ್ಟಿಲ್ಲ ಅಂದ್ರೆ ಇದೂ ಒಂದು ಕಾರಣ. ಒಮ್ಮೆ ಬರೆದದ್ದು ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತೆ, ಅದು ಬೇರೆ ಲಾಭ.

ಈಗ ಕೊರತೆಗೆ ಬರೋಣ. ಜಾವಾದ ಸಾದಾ ದಶಮಾಂಶದಲ್ಲಿ 0.1ಕ್ಕೆ 0.2 ಕೂಡಿಸಿದ್ರೆ 0.30000000000000004 ಬರುತ್ತೆ! ಬೇರೆ ಭಾಷೆಗಳಲ್ಲೂ ಈ ರೋಗ ಇದೆ. ದುಡ್ಡಿನ ಲೆಕ್ಕಕ್ಕೆ ‘ಬಿಗ್‌ಡೆಸಿಮಲ್’ ಬಳಸಬೇಕು. ಆದ್ರೆ ಅದರ ಜೊತೆ ಕೂಡಿಸುವ ಚಿಹ್ನೆ ನಡೆಯಲ್ಲ, ‘ಆ್ಯಡ್’ ಅಂತ ಪ್ರತಿ ಸಲ ಬರೀಬೇಕು. ಒಂದು ಸಾಲಿನ ಲೆಕ್ಕ ನಾಲ್ಕು ಸಾಲಾಗುತ್ತೆ. ಕೈ ನೋವು ಬರ್ತದ್ರಿ, ಸುಳ್ಳಲ್ಲ. ಇನ್ನೊಂದು, ಇಲ್ಲದ ಖಾತೆಯನ್ನ ಮುಟ್ಟಿದ್ರೆ ಪ್ರೋಗ್ರಾಂ ಓಡುತ್ತಾ ಓಡುತ್ತಾ ‘ನಲ್ ಪಾಯಿಂಟರ್’ ಅಂತ ಬೀಳುತ್ತೆ. ಈ ಎರಡೂ ತಾಪತ್ರಯ ಕೋಟ್ಲಿನ್‌ನಲ್ಲಿ ಬಹಳ ಕಡಿಮೆ. 2019ರಲ್ಲಿ ಗೂಗಲ್ ಆಂಡ್ರಾಯ್ಡ್ ಆ್ಯಪ್‌ಗಳಿಗೆ ಕೋಟ್ಲಿನ್ನೇ ಮೊದಲು ಅಂದಿತು.

ಕನ್ನಡದ ಕತೆ ಕೇಳ್ರಿ. ‘ಬಸವಕಲ್ಯಾಣ’ ನಮ್ಮ ಕಣ್ಣಿಗೆ ಆರು ಅಕ್ಷರ. ಜಾವಾಗೆ ‘ಎಷ್ಟುದ್ದ?’ ಅಂತ ಕೇಳಿದ್ರೆ 9 ಅನ್ನುತ್ತೆ, ಯಾಕಂದ್ರೆ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಎಣಿಸುತ್ತೆ. ಮೊದಲ ಆರು ಕೊಡು ಅಂದ್ರೆ ‘ಬಸವಕಲ್’ ಕೈಗೆ ಬರುತ್ತೆ. ಪೈಥಾನ್‌ದೂ ಇದೇ ಲೆಕ್ಕ, ಜಾವಾ ಒಂದನ್ನೇ ಬೈಯಬೇಡಿ. ಆದ್ರೆ ಕನ್ನಡದ ಆ್ಯಪ್ ಮಾಡೋರು ಹೆಸರಿನ ಜಾಗಕ್ಕೆ ‘ಇಷ್ಟೇ ಅಕ್ಷರ’ ಅಂತ ಮಿತಿ ಹಾಕುವಾಗ ಇದು ನೆನಪಿರಬೇಕು. ಇಲ್ಲಾಂದ್ರೆ ಯಾರದೋ ಹೆಸರಿನ ಬಾಲ ಕತ್ತರಿಸಿ ಹೋಗುತ್ತೆ.

ತಮ್ಮಾ, ನಿನ್ನ ಪ್ರಶ್ನೆಗೆ ಬರ್ತೀನಿ. ದೊಡ್ಡ ಕಂಪನಿಯ ಲೆಕ್ಕಪತ್ರದ ಸಾಫ್ಟ್‌ವೇರ್ ಕಡೆ ಹೋಗೋದಿದ್ರೆ ಜಾವಾ ಕಲಿ. ಮೊಬೈಲ್ ಆ್ಯಪ್ ಅಷ್ಟೇ ಸಾಕು ಅಂದ್ರೆ ಕೋಟ್ಲಿನ್ ನೋಡು. ಫೀಸ್ ಕಟ್ಟೋಕೆ ಮೊದಲು ಓಪನ್‌ಜೆಡಿಕೆ ಹಾಕ್ಕೋ, ಅದು ಪುಕ್ಕಟೆ. ಒಂದು ತಿಂಗಳು ಕೂತು, ಮನೆ ಹತ್ತಿರದ ಕಿರಾಣಿ ಅಂಗಡಿಯ ಉದ್ರಿ ಖಾತೆ ಬರೆದು ನೋಡು. ಸಾಲದ ಮಾತು ಆಮೇಲೆ ಮಾತಾಡೋಣ. ಎರರ್ ಬಂದ್ರೆ ಸ್ಕ್ರೀನ್‌ಶಾಟ್ ಕಳಿಸು.