ಪಾಸ್‌ವರ್ಡ್ ಸಿಗಲಿಲ್ಲ, ಕಂಪ್ಯೂಟರ್ ತೆರೆಯಿತು

ಕಮಲಾಪುರದ ನಮ್ಮ ಕಾಕಾ ಸಿಪಿಯು ಹೊತ್ತುಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ರಿಪೇರಿ ಅಂಗಡಿಗೆ ಬಂದಿದ್ದರು. ವಿಂಡೋಸ್ 7ರ ಹಳೆಯ ಯಂತ್ರ. ಕೆಂಪು ಬಾಳೆ ತೋಟದ ಲೆಕ್ಕ, ಮಗಳ ಮದುವೆಯ ಫೋಟೊ ಎಲ್ಲ ಅದರಲ್ಲೇ. ಪಾಸ್‌ವರ್ಡ್ ಮಾತ್ರ ಮನೆಯಲ್ಲಿ ಯಾರಿಗೂ ನೆನಪಿಲ್ಲ.

"ಫೋಟೊ ಎಲ್ಲಾ ಹೋಗ್ತಾವೇನಪಾ?"

"ಏನೂ ಹೋಗಂಗಿಲ್ರಿ ಕಾಕಾ. ಪಾಸ್‌ವರ್ಡ್ ಅಷ್ಟೇ ಅಳಸ್ತೀನಿ."

ಅಂಗಡಿಯ ಹುಡುಗ ಪೆನ್‌ಡ್ರೈವ್ ಹಾಕಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು. ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪ್ ತೆರೆದುಕೊಂಡಿತು. ಹಳೆಯ ಪಾಸ್‌ವರ್ಡ್ ಏನಿತ್ತೆಂದು ಅವನಿಗೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ನನಗೆ ಅಚ್ಚರಿ ಎನಿಸಿದ್ದು ಇದೇ.

ಮೊದಲು ಹೀಗಿರಲಿಲ್ಲ. ಅಮೆರಿಕದ ಎಂಐಟಿಯಲ್ಲಿ ಹಲವರು ಹಂಚಿಕೊಂಡು ಬಳಸುತ್ತಿದ್ದ ಕಂಪ್ಯೂಟರಿನಲ್ಲಿ ಎಲ್ಲರ ಪಾಸ್‌ವರ್ಡುಗಳೂ ಇದ್ದಂತೆಯೇ ಒಂದು ಕಡತದಲ್ಲಿದ್ದವು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ, ಕೆಲಸಕ್ಕೆ ಇನ್ನಷ್ಟು ಹೊತ್ತು ಯಂತ್ರ ಬೇಕೆಂದು ಆ ಕಡತವನ್ನೇ ಮುದ್ರಿಸಿಕೊಂಡ. ಕೇಂಬ್ರಿಜ್‌ನ ರೋಜರ್ ನೀಡಂ ಇದಕ್ಕೆ ಮದ್ದು ಹುಡುಕಿದರು: ಪಾಸ್‌ವರ್ಡನ್ನೇ ಇಡಬೇಡಿ, ಅದನ್ನು ಲೆಕ್ಕಕ್ಕೆ ಹಾಕಿ ಬಂದ ಫಲವನ್ನಷ್ಟೇ ಇಡಿ. ಇವತ್ತು ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಬೀಸಿದ ಹಿಟ್ಟಿನಿಂದ ಜೋಳದ ಕಾಳು ಮರಳಿ ಬಾರದಂತೆ, ಹ್ಯಾಶ್‌ನಿಂದ ಪಾಸ್‌ವರ್ಡನ್ನು ನೇರವಾಗಿ ಹಿಂದಕ್ಕೆ ಪಡೆಯಲಾಗದು. ಹಾಗಾಗಿ ಮರೆತವನಿಗೆ ಹೇಳಿಕೊಡಲು ಯಂತ್ರದ ಬಳಿಯೂ ಏನಿಲ್ಲ.

ವಿಂಡೋಸ್ ಎನ್‌ಟಿ ಈ ಹ್ಯಾಶ್‌ಗಳನ್ನು ಸ್ಯಾಮ್ ಎಂಬ ಕಡತದಲ್ಲಿಟ್ಟಿತು. ವಿಂಡೋಸ್ ನಡೆಯುತ್ತಿರುವಾಗ ಆ ಕಡತವನ್ನು ನೇರವಾಗಿ ತೆರೆಯಲಾಗದು. ಅದರ ಒಳರಚನೆಯನ್ನು ಮೈಕ್ರೋಸಾಫ್ಟ್ ಬಹಿರಂಗ ಮಾಡಿರಲಿಲ್ಲ. 1997ರಲ್ಲಿ ಜೆರೆಮಿ ಆಲಿಸನ್ ಆ ಹ್ಯಾಶ್‌ಗಳನ್ನು ಹೊರತೆಗೆಯುವ ಪುಟ್ಟ ತಂತ್ರಾಂಶ ಬರೆದರು. ಅದೇ ವರ್ಷ ನಾರ್ವೆಯ ಪೆಟರ್ ನೋರ್ಡಾಲ್-ಹಾಗೆನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ವಿಂಡೋಸನ್ನು ಶುರು ಮಾಡದೆ ಫ್ಲಾಪಿಯಿಂದ ಲಿನಕ್ಸ್ ಎಂಬ ಬೇರೆ ಕಾರ್ಯಾಚರಣಾ ವ್ಯವಸ್ಥೆ ನಡೆಸಿದರೆ ಸ್ಯಾಮ್ ಕೂಡ ಬೇರೆಲ್ಲದರಂತೆ ಒಂದು ಸಾದಾ ಕಡತ, ತಡೆಯುವವರಿಲ್ಲ! ಅಷ್ಟರಲ್ಲಿ ಮೈಕ್ರೋಸಾಫ್ಟ್ ಹ್ಯಾಶ್‌ಗಳ ಮೇಲೆ ಸಿಸ್‌ಕೀ ಎಂಬ ಇನ್ನೊಂದು ಗೂಢಲಿಪಿಯನ್ನು ತಂದಿತ್ತು. ಅದನ್ನು ಬಿಡಿಸುವ ಗೋಜೇ ಬೇಕಾಗಲಿಲ್ಲ. ಖಾತೆಯ ದಾಖಲೆಯಲ್ಲಿ ಹ್ಯಾಶ್ ಜೊತೆ ಅದರ ಉದ್ದವೂ ಇರುತ್ತದೆ. ಆ ಉದ್ದವನ್ನು ಸೊನ್ನೆ ಮಾಡಿದರೆ ಪಾಸ್‌ವರ್ಡೇ ಇಲ್ಲವೆಂದು ವಿಂಡೋಸ್ ತಿಳಿಯುತ್ತದೆ. ಅಂಗಡಿಯ ಹುಡುಗನ ಪೆನ್‌ಡ್ರೈವ್ ಮಾಡಿದ್ದೂ ಇದನ್ನೇ. ನನ್ನ ಕಣ್ಣಿಗೆ ಇಡೀ ಕತೆಯ ಚೆಲುವು ಈ ಸೊನ್ನೆಯಲ್ಲಿದೆ.

ಆದರೆ ಕಾಕಾನಿಗೆ ತೆರೆದ ಬಾಗಿಲು ಕಳ್ಳನಿಗೂ ತೆರೆಯುತ್ತದೆ. ಅದಕ್ಕೇ ವಿಂಡೋಸ್ ವಿಸ್ತಾ ಜೊತೆ, ಇಡೀ ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ಬಂತು. ಡಿಸ್ಕೇ ಗೂಢಲಿಪಿಯಲ್ಲಿದ್ದಾಗ ಪೆನ್‌ಡ್ರೈವ್‌ಗೆ ಸ್ಯಾಮ್ ಕಾಣುವುದೇ ಇಲ್ಲ. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಈ ರಕ್ಷಣೆ ತಾನಾಗಿಯೇ ಚಾಲೂ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರು ಮರೆತ ಪಾಸ್‌ವರ್ಡನ್ನು ಮೊಬೈಲಿನಲ್ಲೇ ಬದಲಿಸಿಕೊಳ್ಳಬಹುದು. ಡಿಸ್ಕ್ ಲಾಕ್ ಆದರೆ ಮಾತ್ರ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಬಹುತೇಕ ಅದು ಅದೇ ಖಾತೆಯಲ್ಲಿ ಉಳಿದಿರುತ್ತದೆ. ಅಲ್ಲಿಯೂ ಇಲ್ಲ, ಬರೆದಿಟ್ಟೂ ಇಲ್ಲವೆಂದರೆ ಸೂಪರ್ ಮಾರ್ಕೆಟ್‌ನ ಯಾವ ಅಂಗಡಿಯ ಹುಡುಗನೂ ಮದುವೆಯ ಫೋಟೊ ತೆಗೆದುಕೊಡಲಾರ.